ಫಲಕದಲ್ಲಿ ಇಲ್ಲದಿದ್ದ ನಕಾರ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಒಂದು ಫಲಕದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಅದನ್ನು ಬಿಟ್ಟುಹೋದ ಹಾಗೆಯೇ ಓದಿದ ತಪ್ಪಿಗೆ ನನ್ನ ತಂಗಿಯ ಹಾಸ್ಟೆಲ್ ಕೋಣೆಯನ್ನು ಕಿತ್ತುಕೊಳ್ಳಲು ಹೊರಟಿದ್ದೀರಿ. ಮುಂದಿನ ವಾರ ಕೋಣೆಗಳ ಹಂಚಿಕೆ. ಅಷ್ಟರೊಳಗೆ ಅವಳು ನೀವೇ ಬರೆಸಿಟ್ಟ ಕ್ಷಮಾಪಣೆಗೆ ಸಹಿ ಹಾಕಬೇಕು, ಇಲ್ಲವೇ ಹಾಸಿಗೆ ಸುತ್ತಿಕೊಂಡು ಹೊರಡಬೇಕು. ನಮ್ಮ ಮನೆ ದಿನವೂ ಹೋಗಿಬರುವಷ್ಟು ಹತ್ತಿರದಲ್ಲಿಲ್ಲ. ಕೋಣೆ ಹೋದರೆ ಓದೂ ಹೋದ ಹಾಗೆ. ಇದು ನಿಮಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿರುವುದರಿಂದಲೇ ಈ ಷರತ್ತು ಎಂದು ನನ್ನ ಗುಮಾನಿ.

ಅವಳು ಸಹಿ ಹಾಕುವುದಿಲ್ಲ. ಯಾಕೆ ಹಾಕುವುದಿಲ್ಲ ಎಂದು ನಿಮ್ಮ ಕೊಠಡಿಯಲ್ಲಿ ವಿವರಿಸಲು ಸಮಯ ಸಾಲಲಿಲ್ಲ. ನಿಮಗೆ ಇನ್ನೊಂದು ಸಭೆ ಇತ್ತು. ಹಾಗಾಗಿ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ, ನಿಮಗೂ ಬಿಡುವಾದಾಗ ಓದಬಹುದು.

ನಾನು ನಿಮ್ಮ ಕಾಲೇಜಿನಲ್ಲೇ ಸಾಹಿತ್ಯ ಓದಿ ಹೊರಬಂದವಳು. ಈಗ ಒಂದು ಅಚ್ಚುಮನೆಯಲ್ಲಿ ಕರಡು ತಿದ್ದುತ್ತೇನೆ. ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿ, ಶಾಲೆಯ ಅಟ್ಲಾಸು, ನೀರೆತ್ತುವ ಪಂಪಿನ ಕೈಪಿಡಿ, ಹೀಗೆ ಯಾರೂ ಪೂರ್ತಿ ಓದದ್ದನ್ನೆಲ್ಲ ನಾನು ಅಕ್ಷರ ಬಿಡದೆ ಓದುತ್ತೇನೆ. ಆದ್ದರಿಂದ ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ಏನಾಗುತ್ತದೆ ಎಂಬ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಇದೆ ಎಂದುಕೊಂಡಿದ್ದೇನೆ. ಆದರೆ ಅಕ್ಷರಕ್ಕಿಂತ ಮೊದಲು ಕಟ್ಟೆಯ ಬಗ್ಗೆ ಹೇಳಬೇಕು. ಜಗಳ ಶುರುವಾದದ್ದು ಅಲ್ಲಿ.

ಗ್ರಂಥಾಲಯದಿಂದ ಹಾಸ್ಟೆಲಿನ ಊಟದ ಮನೆಯವರೆಗೆ ಹೋಗುವ ಉದ್ದನೆಯ ಜಗಲಿ ನಿಮಗೆ ಗೊತ್ತು. ಅದರ ಅಂಚಿಗೆ ಮೊಣಕಾಲೆತ್ತರದ ಒಂದು ಕಲ್ಲಿನ ಕಟ್ಟೆ. ಯಾರೂ ಕೂರಲೆಂದು ಕಟ್ಟಿದ್ದಲ್ಲ ಅದು. ಅಂಗಳದ ನೀರು ಒಳಗೆ ನುಗ್ಗದಿರಲಿ ಎಂದು ಯಾರೋ ಹಿಂದಿನವರು ಕಟ್ಟಿಸಿದ್ದು. ಆದರೆ ಕಾಲು ಮಡಚಿ ಕೂರುವುದಕ್ಕೆ ಅಗಲ ಸರಿಯಾಗಿತ್ತು, ಬೆನ್ನಿಗೆ ಕಂಬವಿತ್ತು, ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು. ಇಡೀ ಕಾಲೇಜು ಒಂದಲ್ಲ ಒಂದು ಹೊತ್ತಿಗೆ ಅಲ್ಲಿ ಬಂದು ಕೂತು ಎದ್ದು ಹೋಗುತ್ತಿತ್ತು. ರಸಾಯನಶಾಸ್ತ್ರದವರು ಸೂತ್ರ ಬಾಯಿಪಾಠ ಮಾಡುತ್ತ ಒಬ್ಬರಿಗೊಬ್ಬರು ಗದರುತ್ತಿದ್ದರು. ಚರ್ಚಾಸ್ಪರ್ಧೆಯವನೊಬ್ಬ ಕಂಬವನ್ನೇ ಅಧ್ಯಕ್ಷರೆಂದು ಭಾವಿಸಿ ಭಾಷಣ ಮಾಡುತ್ತಿದ್ದ. ಪ್ರೀತಿ ಮುರಿದುಕೊಂಡ ಇಬ್ಬರು ಅದೇ ಕಟ್ಟೆಯ ಎರಡು ತುದಿಯಲ್ಲಿ ಕೂತು, ನಡುವೆ ಇರುವ ನಮ್ಮನ್ನೆಲ್ಲ ಪೀಕಲಾಟಕ್ಕೆ ಸಿಕ್ಕಿಸುತ್ತಿದ್ದರು.

ಮೊದಲ ವರ್ಷ ನಾನು ತುದಿಯ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಹಾಸ್ಟೆಲ್ ಕೋಣೆಯಲ್ಲಿ ಮಾತಾಡದೆ ಇದ್ದರೆ ಜಂಬದವಳು ಅನ್ನುತ್ತಾರೆ. ಗ್ರಂಥಾಲಯದಲ್ಲಿ ಮಾತಾಡದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಅಲ್ಲಿ ಬೇರೆಯವರೂ ಮಾತಾಡುವುದಿಲ್ಲ. ನನಗೆ ಬೇಕಾಗಿದ್ದದ್ದು ಬೇರೆಯವರು ಮಾತಾಡುವ, ನಾನು ಮಾತಾಡದಿದ್ದರೂ ನಡೆಯುವ ಒಂದು ಜಾಗ. ಅಂಥ ಜಾಗ ಎಷ್ಟು ಅಪರೂಪ ಎಂದು ಮಾತುಗಾರರಿಗೆ ಗೊತ್ತಾಗುವುದಿಲ್ಲ. ಪುಸ್ತಕ ತೆರೆದಿಟ್ಟುಕೊಂಡು, ಪುಟ ತಿರುಗಿಸಲು ಮರೆತು, ಪಕ್ಕದವರ ಮಾತು ಕೇಳುತ್ತ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ಯಾವಳೋ ಓಡಿಬಂದಳು.

"ಏ, ನೀನು ಹೆಂಗೂ ಇಲ್ಲೇ ಇರ್ತೀಯಲ್ಲ? ಈ ಬ್ಯಾಗ್ ಒಂಚೂರು ನೋಡ್ಕೊಳೇ. ಹೀಗೆ ಹೋಗಿ ಹಾಗೆ ಬಂದೆ."

ಹಾಗೆ ಬರಲಿಲ್ಲ. ಸಂಜೆ ಬಂದಳು, ಅದೂ ಬ್ಯಾಗ್ ಎಲ್ಲಿಟ್ಟೆ ಎಂದು ಮರೆತು ಹುಡುಕುತ್ತ. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದನ್ನು ನೋಡಿ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಪುಣ್ಯಾತ್ಗಿತ್ತಿ, ನೀನೇನು ಲಾಕರ್ರಾ?" ಎಂದಳು. ಆ ಹೆಸರು ನಿಂತಿತು. ಮುಂದೆ ಕಾಲೇಜು ಮುಗಿಯುವವರೆಗೂ ನಾನು ಲಾಕರ್ ಆಗಿದ್ದೆ. ಆಟದ ಬೂಟು, ಒದ್ದೆ ಕೊಡೆ, ಪ್ರಾಣಿಶಾಸ್ತ್ರದವರ ಮೂಳೆಗಳ ಡಬ್ಬ, ಒಮ್ಮೆ ಯಾರದೋ ತಮ್ಮ, ಎಲ್ಲವನ್ನೂ ನನ್ನ ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಇಟ್ಟದ್ದನ್ನು ವಾಪಸು ತೆಗೆದುಕೊಳ್ಳುವಾಗ ಮನುಷ್ಯರು ಸುಮ್ಮನೆ ಹೋಗಲಾರರು, ನಾಲ್ಕು ಮಾತಾಡಿಯೇ ಹೋಗುತ್ತಾರೆ. ಹೀಗೆ, ನಾನಾಗಿ ಯಾರ ಬಳಿಯೂ ಹೋಗದೆ, ಸ್ನೇಹಿತರು ನನ್ನ ಬಳಿ ಬಂದು ಬಿದ್ದರು. ಅಕ್ಷರಶಃ ಬಿದ್ದರು, ಚೀಲ ಸಮೇತ.

ಅವರಲ್ಲಿ ಗಣಿತದ ಹುಡುಗಿಯೊಬ್ಬಳಿದ್ದಳು. ಬಾಯಿಗೆ ಬಿಡುವಿಲ್ಲದ್ದರಿಂದ ಅವಳನ್ನು ರೇಡಿಯೋ ಎನ್ನುತ್ತಿದ್ದೆವು. ಒಂದು ಬೆಳಿಗ್ಗೆ ಅವಳು ತನ್ನ ಟ್ರಂಕನ್ನು ದರದರ ಎಳೆದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದಳು.

"ಇದನ್ನ ನೋಡ್ಕೋ ಲಾಕರ್. ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕೊಂಡ್ ಬರ್ತೀನಿ."

"ಎಲ್ಲಿಗೆ?"

"ಮನೆಗೆ. ಪರ್ಮನೆಂಟಾಗಿ."

ಅವಳು ಫೇಲಾಗಿದ್ದಳು. ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಮಾತ್ರ ನಮಗೆ ಗೊತ್ತಿದೆ ಎಂದು ಗೊತ್ತಿರಲಿಲ್ಲ. ನಾನು ಸ್ವಲ್ಪ ಸರಿದು ಜಾಗ ಬಿಟ್ಟೆ. ಅವಳು ಕೂತಳು. ರೇಡಿಯೋ ಅಲ್ಲವೇ, ಶುರುವಾಯಿತು. ಅಪ್ಪ ಏನನ್ನುತ್ತಾನೆ, ಚಿಕ್ಕಪ್ಪನ ಮಗಳು ಏನನ್ನುತ್ತಾಳೆ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿಯೇ ಪಾಠ ಮಾಡಿದರೆ ತಾನೇನು ಅವರ ಬೆನ್ನಿನಿಂದ ಕಲಿಯಬೇಕಾ, ಎಲ್ಲ ಬಂತು. ಊಟದ ಗಂಟೆ ಹೊಡೆಯಿತು. "ಹಸಿವಾಗ್ತಿದೆ ಕಣೇ. ಉಂಡು ಹೋಗ್ತೀನಿ" ಎಂದಳು. ಉಂಡ ಮೇಲೆ, "ಈ ಬಿಸಿಲಲ್ಲಿ ಯಾರು ಹೋಗ್ತಾರೆ, ನಾಳೆ ನೋಡೋಣ" ಎಂದಳು. ಟ್ರಂಕನ್ನು ಇಬ್ಬರೂ ಹಿಡಿದುಕೊಂಡು ವಾಪಸು ಕೋಣೆಗೆ ಸಾಗಿಸಿದೆವು. ಈಗ ಅವಳು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಬೋರ್ಡಿಗೆ ಬೆನ್ನು ಹಾಕಿ.

ನಿಮ್ಮಲ್ಲಿ ಈಗ ಆಪ್ತಸಮಾಲೋಚನಾ ಕೇಂದ್ರವಿದೆ ಎನ್ನುತ್ತೀರಿ. ಇದೆ, ಬಹಳ ಒಳ್ಳೆಯದು. ಅದು ಆಡಳಿತ ಕಟ್ಟಡದ ಮೂರನೇ ಮಹಡಿಯಲ್ಲಿದೆ, ಮುಂಚಿತವಾಗಿ ಸಮಯ ಕೇಳಿಕೊಂಡು ಹೋಗಬೇಕು. ಮನೆಗೆ ಓಡಿಹೋಗಲು ಟ್ರಂಕು ಎಳೆದುಕೊಂಡು ಹೊರಟವಳು ಮೂರು ಮಹಡಿ ಹತ್ತಿ, ಮುಂದಿನ ಗುರುವಾರ ಸಿಗುತ್ತೀರಾ ಎಂದು ಕೇಳಬೇಕೇ?

ಮಾನ್ಯರೇ, ನೀವು ಮಾಡಿದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಿದವರು ನೀವು. ನಮ್ಮ ಕಾಲದಲ್ಲಿ ಒಳಗಿರುವವರು ಗಟ್ಟಿಯಾಗಿ ಹಾಡುತ್ತಿರಬೇಕಾಗಿತ್ತು, ಹೊರಗಿನವರು ತಳ್ಳದಿರಲಿ ಎಂದು. ನನಗಂತೂ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಹಾಸ್ಟೆಲಿನ ದಾರಿಗೆ ದೀಪ ಹಾಕಿಸಿದಿರಿ, ಹೂವಿನ ಗಿಡ ನೆಡಿಸಿದಿರಿ. ಇದಕ್ಕೆಲ್ಲ ನಿಮಗೆ ಕೃತಜ್ಞಳು, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಆದರೆ ಆಮೇಲೆ ನಿಮಗೆ ಯಾರೋ 'ಅತಿ ಸುಂದರ ಆವರಣ' ಎಂಬ ಪ್ರಶಸ್ತಿಯ ಆಸೆ ಹಚ್ಚಿದರು. ಸೌಂದರ್ಯೀಕರಣ ಸಮಿತಿ ಹುಟ್ಟಿತು. ಆ ಪದವನ್ನೇ ನೋಡಿ. ಸುಂದರವಾಗಿರುವುದು ಎಂಬ ಸರಳ ಸಂಗತಿಯನ್ನು ಹೇಳಲು ಹೋಗಿ ನಾಲಿಗೆ ಎಡವಿ ಬೀಳುತ್ತದೆ. ಸೌಂದರ್ಯಕ್ಕೆ ಕರಣ ಸೇರಿದ ಮೇಲೆ ಅದು ಯಂತ್ರೀಕರಣ, ವಿದ್ಯುದೀಕರಣಗಳ ತಂಗಿಯಾಯಿತು. ಗುತ್ತಿಗೆದಾರರು ಬಂದೇ ಬರುತ್ತಾರೆ.

ಬಂದರು. ಹುಲ್ಲುಹಾಸಿಗೆ ಸರಪಳಿ ಬಿತ್ತು. ಬಣ್ಣ ಬದಲಿಸುವ ಕಾರಂಜಿ ಬಂತು, ಅದು ಅತಿಥಿಗಳು ಬಂದಾಗ ಮಾತ್ರ ಚಿಮ್ಮುತ್ತದೆ. ಕಟ್ಟೆ ಸಮಿತಿಯವರ ಕಣ್ಣಿಗೆ ಬಿತ್ತು. ಅದರ ಮೇಲೆ ಸದಾ ಯಾರಾದರೂ ಕೂತಿರುವುದರಿಂದ ಜಗಲಿಯ 'ರೇಖೆ' ಕೆಡುತ್ತದೆ ಎಂದು ಯಾರೋ ಹೇಳಿದರಂತೆ. ಕಟ್ಟೆಯ ಮೇಲೆ ನುಣುಪಾದ ಕಲ್ಲನ್ನು ಓರೆಯಾಗಿ ಕೂರಿಸುವ ಕೆಲಸ ಶುರುವಾಯಿತು. ಕಲ್ಲು ಕೂರಬಹುದು, ಮನುಷ್ಯರು ಕೂರುವಂತಿಲ್ಲ. ಕೂತರೆ ಮೆಲ್ಲಗೆ ಜಾರಿ ಅಂಗಳಕ್ಕೆ ಇಳಿಯುತ್ತಾರೆ. ಅರ್ಧ ಕಟ್ಟೆಗೆ ಈ ಮರ್ಯಾದೆ ಆಗುವಷ್ಟರಲ್ಲಿ ಕಲ್ಲು ಮುಗಿಯಿತು. ಉಳಿದ ಅರ್ಧಕ್ಕೆ ಕಲ್ಲು ಬರುವವರೆಗೆ ಇರಲಿ ಎಂದು ಗೋಡೆಯ ಮೇಲೆ ಹಿತ್ತಾಳೆಯ ಬಿಡಿ ಅಕ್ಷರಗಳಲ್ಲಿ ಒಂದು ಆಜ್ಞೆ ಮೂಡಿತು. ಸಮಿತಿ ಬರೆಸಲು ಹೊರಟಿದ್ದು ಇದು: 'ಇಲ್ಲಿ ಅನಗತ್ಯವಾಗಿ ಕುಳಿತುಕೊಳ್ಳಬಾರದು.' ಗೋಡೆಯ ಮೇಲೆ ಬಂದದ್ದು ಇದು: 'ಇಲ್ಲಿ ಅಗತ್ಯವಾಗಿ ಕುಳಿತುಕೊಳ್ಳಬಾರದು.'

ಇಲ್ಲಿ ನನ್ನ ತಂಗಿ ಪ್ರವೇಶಿಸುತ್ತಾಳೆ. ಅವಳು ನಿಮ್ಮಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ಚಿಕ್ಕಂದಿನಲ್ಲಿ ಬೇಕಾದ್ದು ಸಿಗುವವರೆಗೆ ರಾಗ ಎಳೆಯುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ಪಿಟೀಲು. ನನಗೆ ಸಿಗಬೇಕಾಗಿದ್ದ ಮಾತೂ ಅವಳಿಗೇ ಸಿಕ್ಕಿದೆ. ತರಗತಿ ಮುಗಿಸಿ ಆ ಉಳಿದರ್ಧ ಕಟ್ಟೆಯ ಮೇಲೆ ಕೂತಿದ್ದವಳ ಬಳಿಗೆ ಕಾವಲಿನವರು ಬಂದರು.

"ಏಳಮ್ಮ ಏಳು. ಬೋರ್ಡ್ ಕಾಣ್ಸಲ್ವಾ?"

"ಕಾಣ್ಸುತ್ತಣ್ಣ. ಓದ್ಕೊಂಡೇ ಕೂತಿದೀನಿ."

"ಓದ್ಕೊಂಡು ಕೂತಿದೀಯಾ? ಏನು ಬರ್ದಿದೆ ಹೇಳು ನೋಡೋಣ."

"ಅಗತ್ಯವಾಗಿ ಕುಳಿತುಕೊಳ್ಳಬಾರದು ಅಂತ. ನಂಗೆ ಏನೂ ಅಗತ್ಯ ಇಲ್ಲಣ್ಣ. ಸುಮ್ನೆ ಕೂತಿದೀನಿ."

ಅವರು ತಲೆಯೆತ್ತಿ ಒಮ್ಮೆ ಓದಿದರು. ತುಟಿ ಅಲ್ಲಾಡಿಸುತ್ತ ಇನ್ನೊಮ್ಮೆ ಓದಿದರು. ಆಮೇಲೆ ಟೋಪಿ ತೆಗೆದು ನಕ್ಕರು. "ಹಾಗಾದ್ರೆ ನಿಂಗೆ ಪರ್ಮಿಷನ್ ಇದೆ ಬಿಡಮ್ಮ" ಎಂದು ಹೋದರು. ಅಷ್ಟೇ ನಡೆದದ್ದು. ಆದರೆ ತಮಾಷೆ ಒಂದು ಸಲ ಬಾಯಿಂದ ಹೊರಟರೆ ಕಾಲೇಜಿನಲ್ಲಿ ಅದಕ್ಕೆ ಗೇಟು ಹಾಕುವವರಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಕಟ್ಟೆ ಭರ್ತಿಯಾಗಿತ್ತು. "ನಿಂಗೇನು ಅಗತ್ಯ ಇದೆಯೇನೋ?" "ಛೇ ಛೇ, ಎಳ್ಳಷ್ಟೂ ಇಲ್ಲ." "ಸರಿ, ಕೂತ್ಕೋ. ಅವನ್ನ ಎಬ್ಸು, ಅವನಿಗೆ ಬಸ್ ಕಾಯೋ ಅಗತ್ಯ ಇದೆ." ಅರ್ಥಶಾಸ್ತ್ರದ ಮೇಡಂ ಕೂಡ ಕೈಚೀಲ ಮಡಿಲಲ್ಲಿಟ್ಟುಕೊಂಡು, "ನನ್ನ ಅಗತ್ಯ ಈ ಕಾಲೇಜಿಗೆ ಇಲ್ಲ ಅಂತ ಮೊನ್ನೆ ಮೀಟಿಂಗಿನಲ್ಲೇ ಹೇಳಿದ್ದಾರೆ" ಎಂದು ಕೂತರಂತೆ. ಯಾರೋ ಫೋಟೋ ತೆಗೆದರು. ಕೂತವರ ಸಾಲು, ಅವರ ತಲೆಯ ಮೇಲೆ ಹಿತ್ತಾಳೆಯ ಆಜ್ಞೆ. ಅದು ನಿಮ್ಮ ಮೊಬೈಲಿಗೂ ತಲುಪಿತು.

ಆ ಕ್ಷಣದಲ್ಲಿ ನಿಮ್ಮ ಮುಂದೆ ಎರಡು ದಾರಿಗಳಿದ್ದವು. ಒಂದು, ನೀವೂ ನಗಬಹುದಾಗಿತ್ತು. ನಕ್ಕಿದ್ದರೆ ಆ ಸಂಜೆ ನಿಮ್ಮ ಆವರಣ ನಿಜವಾಗಿಯೂ ಸುಂದರವಾಗಿರುತ್ತಿತ್ತು, ಪ್ರಶಸ್ತಿಯವರು ಬರುವ ಮೊದಲೇ. ಇನ್ನೊಂದು ದಾರಿಯನ್ನು ಆರಿಸಿಕೊಂಡಿರಿ. ಆ ವಾರ ಕಳೆಯುವಷ್ಟರಲ್ಲಿ ಗೋಡೆಯ ಮೇಲೆ ಒಂದು 'ನ' ಬಂದು ಸೇರಿತು. ಸೇರಲು ಅದಕ್ಕೆ ಜಾಗವೆಲ್ಲಿತ್ತು? 'ಅ'ಕ್ಕೂ 'ಗ'ಕ್ಕೂ ನಡುವೆ, ತುಂಬಿದ ಬಸ್ಸಿನಲ್ಲಿ ಭುಜ ಓರೆ ಮಾಡಿಕೊಂಡು ನಿಂತವರ ಹಾಗೆ ನಿಂತಿದೆ. ಮಿಕ್ಕ ಅಕ್ಷರಗಳಿಗಿಂತ ಗಿಡ್ಡ. ಮಿಕ್ಕವು ಮಳೆ ಗಾಳಿಗೆ ಮಂಕಾಗಿದ್ದರೆ ಇದು ಫಳಫಳ ಹೊಳೆಯುತ್ತಿದೆ. ಬಿಟ್ಟ ಅಕ್ಷರವನ್ನು ಸೇರಿಸುವುದು ತಪ್ಪಲ್ಲ, ನನ್ನ ಹೊಟ್ಟೆಪಾಡೇ ಅದು. ಆದರೆ ಸೇರಿಸಿದ ಮರುದಿನವೇ ನನ್ನ ತಂಗಿಗೆ ನೋಟೀಸು ಬಂತು: 'ಸ್ಪಷ್ಟವಾಗಿ ಬರೆದಿರುವ ಫಲಕವನ್ನು ಉದ್ದೇಶಪೂರ್ವಕವಾಗಿ ತಪ್ಪಾಗಿ ಓದಿ, ಇತರರನ್ನೂ ಹಾಗೆ ಓದಲು ಪ್ರಚೋದಿಸಿ, ಸಂಸ್ಥೆಯ ಘನತೆಗೆ ಧಕ್ಕೆ ತಂದಿರುತ್ತೀರಿ.' ಅಂದರೆ 'ನ' ಮೊದಲಿನಿಂದಲೂ ಅಲ್ಲೇ ಇತ್ತು, ಇವಳ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ. ಫಲಕ ಸರಿಯಾಯಿತು, ಓದಿದವಳು ತಪ್ಪಾದಳು. ಎಷ್ಟು ಅಚ್ಚುಕಟ್ಟು! ನಾನು ಅಷ್ಟು ಕರಡು ತಿದ್ದಿದ್ದೇನೆ, ಪುಸ್ತಕ ತಿದ್ದುವ ಬದಲು ಓದುಗರನ್ನು ತಿದ್ದುವ ಉಪಾಯ ಒಮ್ಮೆಯೂ ಹೊಳೆದಿರಲಿಲ್ಲ.

ಸಮಿತಿಯ ಒಬ್ಬರು ಇನ್ನೊಂದು ವಾದ ಹೂಡಿದ್ದಾರೆಂದು ಕೇಳಿದೆ. 'ಅಗತ್ಯವಾಗಿ' ಎಂದರೆ 'ಖಂಡಿತವಾಗಿ' ಎಂಬ ಅರ್ಥವೂ ಇದೆ, ಅಗತ್ಯವಾಗಿ ಬನ್ನಿ ಎನ್ನುವುದಿಲ್ಲವೇ, ಹಾಗಾಗಿ 'ನ' ಇಲ್ಲದಿದ್ದರೂ ಆಜ್ಞೆ ಆಜ್ಞೆಯೇ ಎಂದು. ಜಾಣ ವಾದ, ಒಪ್ಪುತ್ತೇನೆ. ಆದರೆ 'ನ' ಇತ್ತು ಎನ್ನುವವರೂ 'ನ' ಇಲ್ಲದಿದ್ದರೂ ಸರಿ ಎನ್ನುವವರೂ ಒಂದೇ ಸಮಿತಿಯಲ್ಲಿ ಒಂದೇ ಮೇಜಿಗೆ ಕೂತಿರುವುದು ಹೇಗೆ? ಮೊದಲು ಅವರಿಬ್ಬರು ಮಾತಾಡಿಕೊಳ್ಳಲಿ. ಅಷ್ಟಕ್ಕೂ ಎರಡರ್ಥದ ಮಾತು ಕಂಡರೆ ಎರಡನ್ನೂ ಹುಡುಕು, ಸುಲಭವಾಗಿ ಸಿಕ್ಕಿದ್ದಕ್ಕೆ ತೃಪ್ತಿಪಡಬೇಡ ಎಂದು ನನಗೆ ಕಲಿಸಿದ್ದು ನಿಮ್ಮದೇ ಕಾಲೇಜು. ಅದಕ್ಕೆ ಅಂಕವನ್ನೂ ಕೊಟ್ಟಿದೆ. ಅದೇ ಕೆಲಸವನ್ನು ನನ್ನ ತಂಗಿ ತರಗತಿಯ ಹೊರಗೆ ಮಾಡಿದರೆ ಪ್ರಚೋದನೆ ಹೇಗಾಯಿತು?

ನೋಟೀಸು ಬಂದ ದಿನ ಮನೆಯಲ್ಲಿ ರಂಪವಾಯಿತು. ಅಮ್ಮ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆಯ ಯಂತ್ರ ನಿಲ್ಲಿಸದೆಯೇ ಫೋನಿನಲ್ಲಿ ಬೈದಳು.

"ಸೈನ್ ಹಾಕಿ ಸುಮ್ನಿರೇ. ಒಂದು ಅಕ್ಷರಕ್ಕೋಸ್ಕರ ಯಾರಾದ್ರೂ ರೂಮು ಕಳ್ಕೊಳ್ತಾರಾ?"

"ಒಂದು ಅಕ್ಷರಕ್ಕೋಸ್ಕರ ತಾನೇ ಅಮ್ಮ ಅವ್ರು ರೂಮು ಕಿತ್ಕೊಳ್ತಿರೋದು? ಅವ್ರಿಗೆ ಹೇಳು."

"ನಿನ್ನ ಬಾಯಿಗೆ ಒಂದು ಗುಂಡಿ ಹೊಲೀಬೇಕಿತ್ತು ನಾನು. ಅವ್ರಿಗೇನು ಹೇಳ್ತೀಯ, ದೊಡ್ಡೋರು. ನಾನು ಬಂದು ಮಾತಾಡ್ತೀನಿ. ನೀನು ತಲೆ ತಗ್ಗಿಸ್ಕೊಂಡು ನಿಂತ್ಕೋ, ಸಾಕು."

ಹೀಗೆ ನಾವು ನಿಮ್ಮಲ್ಲಿಗೆ ಬಂದೆವು. ತಂಗಿಯ ಕೈಯಲ್ಲಿ ಸಹಿ ಹಾಕಿಸುವುದು ಅಮ್ಮನ ಉದ್ದೇಶ. ಬೆಳಿಗ್ಗೆ ಬರಹೇಳಿದ್ದಿರಿ, ಬಂದಾಗ ನೀವು ಪ್ರಶಸ್ತಿಯ ತಂಡದೊಂದಿಗೆ ಆವರಣ ಸುತ್ತುತ್ತಿದ್ದೀರಿ ಎಂದರು. ನಿಮ್ಮ ಕೊಠಡಿಯ ಹೊರಗಿನ ಕುರ್ಚಿಗಳ ಮೇಲೆ ಆ ತಂಡಕ್ಕೆ ಕೊಡಬೇಕಾದ ಹೂಗುಚ್ಛಗಳು ಕೂತಿದ್ದವು. ಅಮ್ಮನಿಗೆ ಮಂಡಿ ನೋವು, ವರ್ಷಗಟ್ಟಲೆ ಯಂತ್ರ ತುಳಿದದ್ದರ ಫಲ. ಸ್ವಲ್ಪ ಹೊತ್ತು ನಿಂತಳು, ಗೋಡೆಗೆ ಒರಗಿದಳು, ಒರಗಬೇಡಿ ಬಣ್ಣ ಹೊಸದು ಎಂದು ಗುಮಾಸ್ತರು ಹೇಳಿದರು. ಆವರಣದಲ್ಲಿ ಎಲ್ಲಾದರೂ ಕೂರೋಣವೆಂದು ಹೊರಗೆ ಕರೆತಂದೆ. ಹುಲ್ಲಿಗೆ ಸರಪಳಿ. ಕಾರಂಜಿಯ ಸುತ್ತಲಿನ ಕಬ್ಬಿಣದ ಬೆಂಚಿಗೆ 'ಅತಿಥಿಗಳಿಗೆ ಮಾತ್ರ.' ನಾವು ಅತಿಥಿಗಳೋ ಅಲ್ಲವೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಅಮ್ಮ ಮುಂದೆ ಹೋಗಿ ಮೊದಲು ಸಿಕ್ಕಿದ ಕಟ್ಟೆಯ ಮೇಲೆ ಕೂತಳು. ಅದು ನಿಮ್ಮ ಓರೆ ಕಲ್ಲಿನ ಭಾಗ. ಅಮ್ಮ ಕೂತ ಹಾಗೆಯೇ ಮೆಲ್ಲಗೆ ಜಾರಿದಳು. ನಾನು ತೋಳು ಹಿಡಿಯದಿದ್ದರೆ ಬೀಳುತ್ತಿದ್ದಳು. ಎದ್ದು ನಿಂತು ಸೆರಗು ಸರಿಪಡಿಸಿಕೊಂಡು, ಆ ಕಲ್ಲನ್ನು ಅಂಗೈಯಿಂದ ಸವರಿ ನೋಡಿದಳು, ಬಟ್ಟೆಯ ನೇಯ್ಗೆ ನೋಡುವ ಹಾಗೆ.

"ಇದು ಸರಿಯಾಗಿ ಕೂರಿಸಿಲ್ಲ ಕಣೇ, ಓರೆಯಾಗಿದೆ."

"ಬೇಕಂತಲೇ ಹಾಗೆ ಕೂರಿಸಿರೋದಮ್ಮ."

"ಬೇಕಂತ? ಯಾಕೆ?"

"ಯಾರೂ ಕೂರಬಾರದು ಅಂತ."

ಅಮ್ಮ ನನ್ನ ಮುಖ ನೋಡಿದಳು. ನಾನು ಕೀಟಲೆ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ. ಆಮೇಲೆ ನಡೆದುಹೋಗಿ ಸಪಾಟಾಗಿದ್ದ ಅರ್ಧದ ಮೇಲೆ ಕೂತಳು. ಅದೇ ಕಾವಲಿನವರು ಬಂದರು, ಈ ಸಲ ನಗದೆ. ಆ ತಮಾಷೆಯ ಮೇಲೆಯೇ ತನಿಖೆ ನಡೆಯುತ್ತಿರುವಾಗ ಅವರೂ ಯಾರನ್ನು ನೋಡಿ ನಗಲಿ? "ಅಮ್ಮಾ, ಇಲ್ಲಿ ಕೂರೋ ಹಾಗಿಲ್ಲ" ಎಂದರು. ಅಮ್ಮನ ದನಿಯಲ್ಲಿ ಕೋಪವೇ ಇರಲಿಲ್ಲ. "ಎಲ್ಲಿ ಕೂರಬಹುದು ತೋರ್ಸಪ್ಪ, ಅಲ್ಲಿಗೇ ಹೋಗ್ತೀನಿ" ಎಂದಳು. ಅವರು ಕಾರಂಜಿಯ ಕಡೆ ನೋಡಿದರು, ಹುಲ್ಲಿನ ಕಡೆ ನೋಡಿದರು, ಗೇಟಿನ ಕಡೆ ನೋಡಿದರು. ಹೇಳಲು ಒಂದು ಜಾಗವೂ ಅವರಿಗೆ ಸಿಗಲಿಲ್ಲ. ಸಿಗಲಿಲ್ಲವೆಂದು ಒಪ್ಪಿಕೊಳ್ಳಲೂ ಆಗದೆ, ಫೋನು ಬಂದವರ ಹಾಗೆ ಜೇಬು ಮುಟ್ಟಿಕೊಂಡು ಆಚೆ ಹೋದರು.

ನಮ್ಮ ಮುಂದೆಯೇ ನಿಮ್ಮ ತಂಡ ಹಾದುಹೋಯಿತು. ನಿಮ್ಮಲ್ಲೊಬ್ಬರು ಅಮ್ಮನಿಗೆ ಎರಡು ನಿಮಿಷ ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿದರು. ಫೋಟೋ ತೆಗೆಯುವುದಿತ್ತಂತೆ. ಅಮ್ಮ ಎದ್ದು ಕಂಬದ ಹಿಂದೆ ನಿಂತಳು. ಆ ಫೋಟೋ ಈಗ ನಿಮ್ಮ ಕಾಲೇಜಿನ ಪರಿಚಯ ಪುಸ್ತಿಕೆಯಲ್ಲಿ ಬಂದಿದೆ, ನಿಜಕ್ಕೂ ಚೆನ್ನಾಗಿದೆ. ಜಗಲಿ, ಕಂಬಗಳ ನೆರಳು, ರೇಖೆ. ಒಂದು ನರಪಿಳ್ಳೆಯೂ ಇಲ್ಲ. ಮನೆ ಮಾರುವವರು ಸಾಮಾನು ಖಾಲಿ ಮಾಡಿ ಫೋಟೋ ತೆಗೆಸುತ್ತಾರೆ, ಅರ್ಥವಾಗುತ್ತದೆ. ಕಾಲೇಜನ್ನು ನಡೆಸುವವರು ಮಕ್ಕಳನ್ನು ಖಾಲಿ ಮಾಡಿ ಯಾಕೆ ತೆಗೆಸಬೇಕು? ಯಾರಿಗೆ ಮಾರುವುದಕ್ಕೆ?

ಕೊನೆಗೆ ಒಳಗೆ ಕರೆದಿರಿ. ನಿಮ್ಮ ಎಡಕ್ಕೆ ವಾರ್ಡನ್ ಮೇಡಂ ಇದ್ದರು. ನೀವು ಗದರಲಿಲ್ಲ, ಅದನ್ನು ಹೇಳಲೇಬೇಕು. ಬಹಳ ಮೃದುವಾಗಿಯೇ ಮಾತಾಡಿದಿರಿ.

"ನೋಡಿ ಅಮ್ಮ, ಹುಡುಗಿ ಬುದ್ಧಿವಂತೆ. ಭವಿಷ್ಯ ಇದೆ. ಒಂದು ಸಹಿ, ಅಷ್ಟೆ. ಎಲ್ಲ ಮುಗೀತು."

ತಂಗಿ ತಲೆ ತಗ್ಗಿಸಿರಲಿಲ್ಲ. "ಸರ್, ಕೂತಿದ್ದೆ ಅಂತ ಬರೀರಿ, ಸೈನ್ ಹಾಕ್ತೀನಿ. ತಮಾಷೆ ಮಾಡ್ದೆ ಅಂತ ಬರೀರಿ, ಅದಕ್ಕೂ ಹಾಕ್ತೀನಿ. ತಪ್ಪಾಗಿ ಓದ್ದೆ ಅಂತ ಬರೆದ್ರೆ ಮಾತ್ರ ಹಾಕಲ್ಲ. ನಾನು ಸರಿಯಾಗೇ ಓದಿದ್ದೆ" ಎಂದಳು. ತನ್ನ ಮೊಬೈಲಿನಲ್ಲಿದ್ದ ಆ ದಿನದ ಫೋಟೋ ತೋರಿಸಿದಳು. ನೀವು ಕನ್ನಡಕ ಹಾಕಿಕೊಂಡು ನೋಡಿ, "ಆ ಆ್ಯಂಗಲ್ಲಿಗೆ ಕಾಣಿಸ್ತಿಲ್ಲಮ್ಮ ಅದು" ಎಂದಿರಿ. ಬೇರೆ ಅಕ್ಷರಗಳೆಲ್ಲ ಕಾಣುವ ಕೋನದಿಂದ ಒಂದು 'ನ' ಮಾತ್ರ ಕಾಣದಿರುವುದನ್ನು ಭೌತಶಾಸ್ತ್ರ ವಿಭಾಗದವರು ಅಧ್ಯಯನ ಮಾಡಬೇಕು.

ಆಮೇಲೆ ಅಮ್ಮನ ಕಡೆ ತಿರುಗಿದಿರಿ. "ನೀವಾದ್ರೂ ಬುದ್ಧಿ ಹೇಳಿ."

ಅಮ್ಮ ನಿಮ್ಮ ಮೇಜಿನ ಅಂಚು ಹಿಡಿದುಕೊಂಡಳು. "ಬುದ್ಧಿ ಹೇಳೋಣ ಅಂತಾನೇ ಬಂದಿದ್ದೆ ಸಾರ್, ದಾರಿಯುದ್ದಕ್ಕೂ ಹೇಳ್ಕೊಂಡೇ ಬಂದೆ" ಎಂದಳು. "ಆದ್ರೆ ಬೆಳಿಗ್ಗೆಯಿಂದ ನಿಮ್ಮ ಕಾಲೇಜಿನಲ್ಲಿ ನಿಂತಿದೀನಿ. ಈಗ ಹೇಳಕ್ಕೆ ಬಾಯಿ ಬರ್ತಿಲ್ಲ." ತಂಗಿಯ ಕಡೆ ತಿರುಗಿ, "ಹಾಕ್ಬೇಡ" ಎಂದಳು. ಫಲಕದಲ್ಲಿ ಇರಬೇಕಾಗಿದ್ದ ನಕಾರ ನಮ್ಮಮ್ಮನ ಬಾಯಿಂದ ಬಂತು. ನೀವು ಗಡಿಯಾರ ನೋಡಿಕೊಂಡಿರಿ.

ಒಂದು ಆವರಣವನ್ನು ಸುಂದರ ಮಾಡುವುದು ಯಾವುದು ಎಂದು ನಿಮ್ಮ ಸಮಿತಿ ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿತ್ತು. ನಾನು ಆಗ ಉತ್ತರ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಯಾಕೆ ಇಲ್ಲಿದ್ದೀಯ ಎಂದು ಯಾರೂ ಕೇಳದ ಜಾಗ ಸುಂದರ. ತರಗತಿಗೆ ಒಂದು ಕಾರಣ ಬೇಕು, ಗ್ರಂಥಾಲಯಕ್ಕೆ ಕಾರ್ಡು ಬೇಕು, ನಿಮ್ಮ ಕೊಠಡಿಗೆ ಸಮಯ ಕೇಳಬೇಕು. ಹದಿನೆಂಟರ ವಯಸ್ಸಿನ ಒಂದು ಜೀವ ಮೊದಲ ಸಲ ಮನೆ ಬಿಟ್ಟು ಬಂದು, ತಾನು ಯಾರು ಎಂದು ಇನ್ನೂ ಗೊತ್ತಾಗದೆ ಇರುವಾಗ, ಕಾರಣ ಹೇಳದೆ ಇರಲು ಎಲ್ಲಾದರೂ ಒಂದು ಮೊಳ ಕಲ್ಲು ಬೇಕು. ಅಲ್ಲಿ ನ್ಯೂಸ್ ಪೇಪರು ಹಾರಾಡುತ್ತದೆ, ಯಾರೋ ಕಡಲೆ ಸಿಪ್ಪೆ ಉದುರಿಸುತ್ತಾರೆ, ಜೋರಾಗಿ ನಗುತ್ತಾರೆ, ರೇಖೆ ಕೆಡುತ್ತದೆ. ಕೆಡಲಿ. ಮನುಷ್ಯರು ಕೂತ ರೇಖೆ ನೆಟ್ಟಗಿರುವುದಿಲ್ಲ. ಕಾರಂಜಿಯನ್ನು ನೋಡಲು ಅತಿಥಿಗಳು ಒಮ್ಮೆ ಬಂದುಹೋಗುತ್ತಾರೆ. ನಾವು ಅಲ್ಲಿ ಇರುವವರು.

ಅದಿರಲಿ. ಕಟ್ಟೆಯ ವಿಷಯದಲ್ಲಿ ನೀವು ನನ್ನನ್ನು ಒಪ್ಪಬೇಕಿಲ್ಲ. ರುಚಿ ಅವರವರದು, ಅಧಿಕಾರ ನಿಮ್ಮದು. ನಾಳೆ ಇಡೀ ಕಟ್ಟೆಯನ್ನೇ ಒಡೆಸಿದರೂ ನಾನು ಇನ್ನೊಂದು ಪತ್ರ ಬರೆಯಬಹುದು, ಅಷ್ಟೆ. ಆದರೆ ಓದಿದ್ದನ್ನು ಓದಲಿಲ್ಲ ಎಂದು ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿ ಬರೆಸಿಕೊಳ್ಳುವ ಅಧಿಕಾರ ಯಾವ ಕಾಲೇಜಿಗೂ ಇಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳು ಎಂದು ಕಲಿಸಲಿಕ್ಕಲ್ಲದಿದ್ದರೆ ನೀವು ಅಲ್ಲಿ ಅಷ್ಟು ಕಟ್ಟಡಗಳನ್ನು ಇಟ್ಟುಕೊಂಡಿರುವುದು ಏತಕ್ಕೆ? ಅವಳು ಸಂಖ್ಯೆಗಳನ್ನು ಓದಲು ಕಲಿಯುತ್ತಿದ್ದಾಳೆ. ಮುಂದೊಂದು ದಿನ ಯಾವುದೋ ಕಚೇರಿಯಲ್ಲಿ ಯಾರೋ ಮೃದುವಾಗಿಯೇ, ಈ ಅಂಕಿ ಹೀಗಿರಲಿಲ್ಲ ಎಂದು ಒಂದು ಸಹಿ ಹಾಕಮ್ಮ ಎನ್ನುತ್ತಾರೆ. ಅಂದಿನ ಸಹಿಯ ತಾಲೀಮನ್ನು ನೀವು ಇಂದೇ ಮಾಡಿಸುವುದು ಬೇಡ.

ನನ್ನ ಒತ್ತಾಯ ದೊಡ್ಡದೇನಲ್ಲ. ಅವಳಿಗೆ ಕೊಟ್ಟ ನೋಟೀಸನ್ನು ಹಿಂತೆಗೆದುಕೊಳ್ಳಿ, ಕೋಣೆಯನ್ನು ಅವಳಿಗೇ ಬಿಡಿ. ನೀವು ಅವಳಿಗಾಗಿ ಕ್ಷಮಾಪಣೆ ಬರೆಸಿಡುವ ಶ್ರಮ ತೆಗೆದುಕೊಂಡದ್ದರಿಂದ, ಪ್ರತಿಯಾಗಿ ನಾನೂ ನಿಮಗಾಗಿ ಒಂದನ್ನು ಸಿದ್ಧಪಡಿಸಿದ್ದೇನೆ. ಅದು ಹೀಗಿದೆ: 'ಗ್ರಂಥಾಲಯದ ಜಗಲಿಯ ಫಲಕದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ವಿದ್ಯಾರ್ಥಿನಿ ಅದನ್ನು ಇದ್ದ ಹಾಗೆಯೇ ಓದಿರುತ್ತಾಳೆ. ಆಕೆಯ ಕೋಣೆ ಆಕೆಯದೇ.' ಕಾಗುಣಿತ ನೋಡಿದ್ದೇನೆ, ಎಲ್ಲ ಅಕ್ಷರಗಳೂ ಇವೆ. ಕೆಳಗೆ ನಿಮ್ಮ ಸಹಿಗೆ ಜಾಗ ಬಿಟ್ಟಿದ್ದೇನೆ. ಹಂಚಿಕೆಯ ದಿನ ಬೆಳಿಗ್ಗೆ ನನ್ನ ತಂಗಿ ಸಹಿ ಹಾಕದೆಯೇ ಸಾಲಿನಲ್ಲಿ ನಿಂತಿರುತ್ತಾಳೆ. ಅವಳ ಸರದಿ ಬಂದಾಗ ಕೀಲಿಕೈ ಕೊಡುತ್ತೀರೋ ಇಲ್ಲವೋ, ಅಲ್ಲಿ ನಿಂತಿರುವ ಎಲ್ಲರೂ ನೋಡುತ್ತಾರೆ.

ಇಂತಿ,
ನಿಮ್ಮ ಕೊಠಡಿಯಲ್ಲಿ ಆ ದಿನ ಬಾಯಿ ಬಿಡದೆ, ಮನೆ ತಲುಪಿದ ಮೇಲೆ ಇಷ್ಟೆಲ್ಲ ನೆನಪಾದ
ಅಕ್ಕ